ಏರುತಗ್ಗಿನ ನೆಲದಲ್ಲಿ ರೈಡ್-ಆನ್ ಮೋವರ್: ಬ್ರೇಕ್ ಹಿಡಿಯದಿದ್ದಾಗ, ಚಕ್ರ ಜಾರಿದಾಗ

ಸಮತಟ್ಟಾದ ಹುಲ್ಲುಹಾಸಿನ ಮೇಲೆ ಯಾವ ತಕರಾರೂ ಇಲ್ಲದೆ ಓಡಾಡುವ ರೈಡ್-ಆನ್ ಮೋವರ್, ಅಂದರೆ ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ಇಳಿಜಾರಿಗೆ ಇಳಿದ ಕೂಡಲೇ ಬೇರೆಯದೇ ಯಂತ್ರದಂತೆ ನಡೆದುಕೊಳ್ಳುವುದುಂಟು. ಬ್ರೇಕ್ ಪೆಡಲನ್ನು ಪೂರ್ತಿ ತುಳಿದರೂ ಒಂದೆರಡು ಮೀಟರ್ ಮುಂದೆ ಹೋಗಿಯೇ ನಿಲ್ಲುತ್ತದೆ. ಏರು ಹತ್ತುವಾಗ ಒಂದು ಹಿಂಚಕ್ರ ಮಣ್ಣು ಕೆದರುತ್ತಾ ನಿಂತಲ್ಲೇ ತಿರುಗುತ್ತದೆ. ತಗ್ಗು ದಾಟುವಾಗ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಇಂಥ ತೊಂದರೆ ಕಂಡಾಗ ಹೆಚ್ಚಿನವರು ಮೊದಲು ಕೈಹಾಕುವುದು ಬ್ರೇಕ್ ಪ್ಯಾಡಿಗೆ, ಆಮೇಲೆ ಟಯರಿಗೆ. ನಾನೂ ಹಾಗೆಯೇ ಮಾಡಿದ್ದೇನೆ. ಒಂದೇ ಯಂತ್ರಕ್ಕೆ ಎರಡು ಸಲ ಪ್ಯಾಡ್ ಬದಲಾಯಿಸಿದ ಮೇಲೆ, ದೋಷವಿದ್ದದ್ದು ಮುಂದಿನ ಆಕ್ಸಲ್‌ನ ತುಕ್ಕು ಹಿಡಿದ ಕೀಲಿನಲ್ಲಿ ಎಂದು ತಿಳಿಯಿತು. ಆದ್ದರಿಂದ ಯಾವುದೇ ಬಿಡಿಭಾಗವನ್ನು ಬಿಚ್ಚುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು: ಯಂತ್ರ ನಿಲ್ಲದೆ ಹೋದಾಗ ಅದರ ಹಿಂಚಕ್ರಗಳು ತಿರುಗುತ್ತಿದ್ದವೇ, ಇಲ್ಲವೇ ಚಕ್ರಗಳು ನಿಂತು ಟಯರ್ ಹುಲ್ಲಿನ ಮೇಲೆ ಜಾರುತ್ತಿತ್ತೇ? ಚಕ್ರ ತಿರುಗುತ್ತಿದ್ದರೆ ದೋಷವನ್ನು ಯಂತ್ರದೊಳಗೆ ಹುಡುಕಬೇಕು. ಚಕ್ರ ನಿಂತಿದ್ದರೆ ಎಷ್ಟು ಹೊಸ ಪ್ಯಾಡ್ ಹಾಕಿದರೂ ಒಂದಿಂಚು ಬೇಗ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಕಡಿಮೆಯಾಗಿರುವುದು ನೆಲದ ಹಿಡಿತ.

ಕೆಲಸಕ್ಕೆ ಮೊದಲು

ಪರೀಕ್ಷೆ, ರಿಪೇರಿ ಎರಡನ್ನೂ ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಆರಂಭಿಸಬೇಕು. ಯಂತ್ರಕ್ಕೆ ಕೈಹಾಕುವ ಮುನ್ನ ಬ್ಲೇಡ್ ಬಿಡಿಸಿ (ಅಂದರೆ ಅದಕ್ಕೆ ಹೋಗುವ ಎಂಜಿನ್ನಿನ ಬಲ ತಪ್ಪಿಸಿ), ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ ತಂತಿಯನ್ನು ಕಳಚಿ ದೂರ ಸರಿಸಬೇಕು. ಹಿಂಭಾಗ ಎತ್ತುವುದಾದರೆ ಮುಂಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಇಟ್ಟು, ಜಾಕಿಯಿಂದ ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಬೇಕು. ಜಾಕಿಯೊಂದನ್ನೇ ನಂಬಿ ಯಂತ್ರದ ಕೆಳಗೆ ಕೈ ಹಾಕಬಾರದು. ಹಿಂಚಕ್ರ ಎತ್ತಿದ ಕ್ಷಣದಲ್ಲಿ ಪಾರ್ಕಿಂಗ್ ಬ್ರೇಕ್ ಯಂತ್ರವನ್ನು ಹಿಡಿದಿಡುವುದಿಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ನೆನಪಿಡಬೇಕು. ಹೆಚ್ಚಿನ ಮಾದರಿಗಳಲ್ಲಿ ಮುಂಚಕ್ರಗಳಿಗೆ ಬ್ರೇಕೇ ಇರುವುದಿಲ್ಲ.

ಬ್ರೇಕ್ ಎಲ್ಲಿದೆ, ಅದು ಏನನ್ನು ಹಿಡಿಯುತ್ತದೆ

ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಇರುತ್ತದೆ. ಸಾಮಾನ್ಯ ಮೋವರ್‌ನಲ್ಲಿ ಹಾಗಿಲ್ಲ. ಎಂಜಿನ್ನಿನ ಬಲ ಬೆಲ್ಟ್ ಮೂಲಕ ಹಿಂಬದಿಯ ಟ್ರಾನ್ಸಾಕ್ಸಲ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಗೇರು ಅಥವಾ ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ಓಡಿಸುವ) ಪಂಪು, ಅದರ ಮುಂದೆ ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ, ಎಲ್ಲವೂ ಅದರಲ್ಲಿಯೇ ಇರುತ್ತವೆ. ಬ್ರೇಕಿನ ಒಂದೇ ಒಂದು ಚಿಕ್ಕ ಡಿಸ್ಕ್ ಡಿಫರೆನ್ಷಿಯಲ್‌ಗೆ ಬಲ ತರುವ ಶಾಫ್ಟಿನ ಮೇಲೆ ಕುಳಿತಿರುತ್ತದೆ. ಅಂದರೆ ಬ್ರೇಕ್ ಹಿಡಿದಾಗ ನಿಲ್ಲುವುದು ಆ ಶಾಫ್ಟ್. ಅಲ್ಲಿಂದ ಎರಡೂ ಚಕ್ರಗಳಿಗೆ ಹಿಡಿತ ಹಂಚಿಕೆಯಾಗುವುದು ಡಿಫರೆನ್ಷಿಯಲ್ ಮೂಲಕ, ಮತ್ತು ಡಿಫರೆನ್ಷಿಯಲ್ ಎರಡೂ ಬದಿಗೆ ಸಮಸಮ ಬಲವನ್ನಷ್ಟೇ ಕೊಡಬಲ್ಲದು.

ಇದರ ಪರಿಣಾಮವನ್ನು ಕಣ್ಣಾರೆ ನೋಡಬಹುದು. ಹಿಂಚಕ್ರಗಳೆರಡನ್ನೂ ನೆಲದಿಂದ ಎತ್ತಿ, ಪಾರ್ಕಿಂಗ್ ಬ್ರೇಕ್ ಬಿಗಿದು, ಎಡಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಅದು ಸಲೀಸಾಗಿ ತಿರುಗುತ್ತದೆ, ಬಲಚಕ್ರ ಅಷ್ಟೇ ವೇಗದಲ್ಲಿ ಹಿಂದಕ್ಕೆ ತಿರುಗುತ್ತದೆ. ಬ್ರೇಕ್ ಹಾಕಿದ್ದರೂ ಚಕ್ರ ತಿರುಗುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಡಿಸ್ಕ್ ಅಲುಗದೆ ನಿಂತಿದ್ದರೆ ಬ್ರೇಕ್ ತನ್ನ ಕೆಲಸ ಮಾಡುತ್ತಿದೆ. ಇದನ್ನೇ ಇಳಿಜಾರಿಗೆ ಅನ್ವಯಿಸಿ ನೋಡಿದರೆ ಅಪಾಯ ತಿಳಿಯುತ್ತದೆ. ಉಬ್ಬುತಗ್ಗಿನ ಮೇಲೆ ಒಂದು ಹಿಂಚಕ್ರ ಗಾಳಿಯಲ್ಲಿ ತೇಲಿದರೆ ಅಥವಾ ಅದರ ಮೇಲಿನ ಭಾರ ಬಹಳ ಕಡಿಮೆಯಾದರೆ, ಆ ಚಕ್ರ ಹಿಮ್ಮುಖವಾಗಿ ತಿರುಗುತ್ತಾ ಇನ್ನೊಂದು ಚಕ್ರವನ್ನು ಮುಂದಕ್ಕೆ ಉರುಳಲು ಬಿಡುತ್ತದೆ. ಬ್ರೇಕಿನ ಬಲ ಎಷ್ಟೇ ಇರಲಿ, ನೆಲಕ್ಕೆ ತಲುಪುವುದು ಹಗುರವಾದ ಚಕ್ರದ ಹಿಡಿತದ ಎರಡರಷ್ಟು ಮಾತ್ರ. ಏರು ಹತ್ತುವಾಗ ಒಂದು ಚಕ್ರ ಗಿರ್ರನೆ ತಿರುಗಿ ಇನ್ನೊಂದು ಸುಮ್ಮನೆ ನಿಲ್ಲುವುದಕ್ಕೂ ಕಾರಣ ಇದೇ. ಬ್ರೇಕಿನ ದೂರು, ಎಳೆತದ ದೂರು ಎಂದು ಎರಡು ಬೇರೆ ದೂರುಗಳಂತೆ ಕಂಡರೂ ಏರುತಗ್ಗಿನ ನೆಲದಲ್ಲಿ ಅನೇಕ ಸಲ ಎರಡರ ಬೇರೂ ಒಂದೇ ಆಗಿರುತ್ತದೆ.

ಮೊದಲ ಪರೀಕ್ಷೆ: ಸಮತಟ್ಟು ಕಾಂಕ್ರೀಟಿನ ಮೇಲೆ

ಯಂತ್ರದ ದೋಷ, ನೆಲದ ದೋಷ ಎರಡನ್ನೂ ಬೇರ್ಪಡಿಸಲು ಒಣಗಿದ, ಸಮತಟ್ಟಾದ ಕಾಂಕ್ರೀಟು ಅಥವಾ ಡಾಂಬರಿನ ಮೇಲೆ ಪರೀಕ್ಷೆ ಆರಂಭವಾಗಬೇಕು. ಅತಿ ಹೆಚ್ಚು ವೇಗದ ಗೇರಿನಲ್ಲಿ ಓಡಿಸಿ ಬ್ರೇಕನ್ನು ಪೂರ್ತಿ ತುಳಿದಾಗ ಯಂತ್ರ ಸುಮಾರು ಒಂದೂವರೆ ಮೀಟರಿನೊಳಗೆ ನಿಲ್ಲಬೇಕು ಎಂಬುದು ಅನೇಕ ತಯಾರಕರ ಕೈಪಿಡಿಗಳಲ್ಲಿ ಕಾಣುವ ಅಳತೆ. ಅದಕ್ಕಿಂತ ಹೆಚ್ಚು ದೂರ ಹೋದರೆ ಬ್ರೇಕಿಗೆ ಹೊಂದಾಣಿಕೆ ಅಥವಾ ರಿಪೇರಿ ಬೇಕು. ಎರಡನೆಯದು ಪಾರ್ಕಿಂಗ್ ಬ್ರೇಕಿನ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಗೇರಿನ ಯಂತ್ರವಾದರೆ ನ್ಯೂಟ್ರಲ್‌ಗೆ ತಂದು, ಹೈಡ್ರೋಸ್ಟಾಟಿಕ್ ಆದರೆ ತಳ್ಳಿಕೊಂಡು ಹೋಗಲು ಇರುವ ಬೈಪಾಸ್ ಲಿವರನ್ನು ಎಳೆದು, ಪಾರ್ಕಿಂಗ್ ಬ್ರೇಕ್ ಬಿಗಿದು, ಯಂತ್ರವನ್ನು ಹಿಂದಿನಿಂದ ಬಲವಾಗಿ ತಳ್ಳಬೇಕು. ಹಿಂಚಕ್ರಗಳು ತಿರುಗದೆ ಟಯರ್ ಉಜ್ಜಿಕೊಂಡು ಹೋದರೆ ಬ್ರೇಕ್ ಸರಿಯಿದೆ. ಚಕ್ರ ಉರುಳಿದರೆ ಸರಿಯಿಲ್ಲ. ಈ ಪರೀಕ್ಷೆ ಮುಗಿದ ಕೂಡಲೇ ಬೈಪಾಸ್ ಲಿವರನ್ನು ಮತ್ತೆ ಓಡಿಸುವ ಸ್ಥಾನಕ್ಕೆ ತರಬೇಕು. ಅದನ್ನು ಮರೆತು ಇಳಿಜಾರಿಗೆ ಇಳಿದ ಯಂತ್ರಕ್ಕೆ ಹೈಡ್ರೋಸ್ಟಾಟಿಕ್ ತಡೆ ಎಂಬುದೇ ಇರುವುದಿಲ್ಲ.

ಇನ್ನೊಂದು ಉಪಾಯ ಬಹಳ ಅಗ್ಗದ್ದು, ಆದರೆ ನನಗೆ ಯಾವ ಉಪಕರಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು. ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು ಪ್ರತಿ ಹಿಂಚಕ್ರದ ಹೊರಮೈ ಮೇಲೆ, ಆಕ್ಸಲ್‌ನ ತುದಿಯಿಂದ ಶುರುಮಾಡಿ ಹಬ್, ರಿಮ್ ದಾಟಿ ಟಯರಿನ ಅಂಚಿನವರೆಗೆ ಒಂದೇ ನೇರ ಗೆರೆ ಎಳೆಯಬೇಕು. ಇಪ್ಪತ್ತು ನಿಮಿಷ ಕೆಲಸ ಮಾಡಿ ಬಂದ ಮೇಲೆ ಗೆರೆಯನ್ನು ನೋಡಬೇಕು. ರಿಮ್ಮಿನ ಗೆರೆಗೂ ಟಯರಿನ ಗೆರೆಗೂ ನಡುವೆ ಅಂತರ ಬಿದ್ದಿದ್ದರೆ ಗಾಳಿ ಕಡಿಮೆಯಾಗಿ ಟಯರ್ ರಿಮ್ಮಿನ ಮೇಲೆಯೇ ಜಾರುತ್ತಿದೆ. ಹಬ್‌ನ ಗೆರೆ ಆಕ್ಸಲ್‌ನ ಗೆರೆಯಿಂದ ಸರಿದಿದ್ದರೆ ಎರಡನ್ನೂ ಬಂಧಿಸುವ ಚೌಕಾಕಾರದ ಚಿಕ್ಕ ಉಕ್ಕಿನ ಕೀ ತುಂಡಾಗಿದೆ ಅಥವಾ ಬಿದ್ದುಹೋಗಿದೆ. ಈ ಎರಡನೆಯ ದೋಷ ನೋಡಲು ಚಿಕ್ಕದು. ಆದರೆ ಒಂದು ಬದಿಯ ಕೀ ಹೋದರೆ, ಮೇಲೆ ಹೇಳಿದ ಡಿಫರೆನ್ಷಿಯಲ್ ಸ್ವಭಾವದಿಂದಾಗಿ, ಎರಡೂ ಬದಿಯ ಎಳೆತವೂ ಬ್ರೇಕೂ ಒಟ್ಟಿಗೆ ಹೋಗುತ್ತವೆ. ಟ್ರಾನ್ಸಾಕ್ಸಲ್ಲೇ ಕೆಟ್ಟಿದೆಯೆಂದು ತೀರ್ಮಾನಿಸಿ ಬಿಚ್ಚಿದ ಪೆಟ್ಟಿಗೆಯ ಒಳಗೆ ಏನೂ ಆಗಿರದೆ, ಬೆರಳ ತುದಿಯಷ್ಟು ಉಕ್ಕಿನ ತುಂಡು ಮಾತ್ರ ಕಾಣೆಯಾಗಿದ್ದುದನ್ನು ನಾನು ನೋಡಿದ್ದೇನೆ.

ಕಾಂಕ್ರೀಟಿನ ಮೇಲೆ ಎರಡೂ ಪರೀಕ್ಷೆಗಳಲ್ಲಿ ಯಂತ್ರ ಗೆದ್ದು, ಗೆರೆಗಳೂ ಸರಿದಿರದಿದ್ದರೆ, ಮುಂದಿನ ಭಾಗವನ್ನು ಬಿಟ್ಟು ಜಾರುವಿಕೆಯ ಭಾಗಕ್ಕೆ ಹೋಗಬಹುದು. ಇಳಿಜಾರಿನ ಹುಲ್ಲೂ ಸಾಕ್ಷಿ ಹೇಳುತ್ತದೆ: ಉರುಳಿದ ಚಕ್ರ ಟಯರಿನ ಅಚ್ಚನ್ನು ಒಂದೊಂದಾಗಿ ಒತ್ತಿ ಹೋಗಿರುತ್ತದೆ, ನಿಂತು ಜಾರಿದ ಚಕ್ರ ಅಚ್ಚಿಲ್ಲದ, ನುಣುಪಾದ ಹಸಿರು ಪಟ್ಟಿಯೊಂದನ್ನು ಬಳಿದು ಹೋಗಿರುತ್ತದೆ, ಅದರ ಕೊನೆಯಲ್ಲಿ ಹುಲ್ಲು, ಮಣ್ಣು ಸೇರಿ ಚಿಕ್ಕ ಮಡಿಕೆಯಂತೆ ಗುಡ್ಡೆಯಾಗಿರುತ್ತದೆ.

ಚಕ್ರ ತಿರುಗುತ್ತಿದ್ದರೆ

ಪೆಡಲ್‌ನಿಂದ ಡಿಸ್ಕ್‌ವರೆಗಿನ ದಾರಿಯನ್ನು ಕ್ರಮವಾಗಿ ನೋಡಬೇಕು. ಪೆಡಲ್ ಕೆಳಗೆ ಒಣಹುಲ್ಲು ಗಟ್ಟಿಯಾಗಿ ಕೂತು ಅದು ಪೂರ್ತಿ ಇಳಿಯದಂತೆ ತಡೆದಿರಬಹುದು. ಬ್ರೇಕ್ ಸರಳು ಬಾಗಿರಬಹುದು. ಅದರ ಸ್ಪ್ರಿಂಗ್ ಸೋತಿರಬಹುದು. ಒಬ್ಬರು ಪೆಡಲ್ ತುಳಿಯುತ್ತಿರುವಾಗ ಇನ್ನೊಬ್ಬರು ಟ್ರಾನ್ಸಾಕ್ಸಲ್ ಬಳಿಯ ಬ್ರೇಕ್ ಲಿವರನ್ನು ಗಮನಿಸಿದರೆ ಇವೆಲ್ಲ ಒಂದೆರಡು ನಿಮಿಷದಲ್ಲಿ ತಿಳಿಯುತ್ತವೆ. ಪೆಡಲ್ ಪೂರ್ತಿ ಇಳಿದರೂ ಲಿವರ್ ಅರ್ಧಕ್ಕೇ ನಿಂತರೆ ದೋಷ ನಡುವಿನ ಜೋಡಣೆಯಲ್ಲಿದೆ. ಲಿವರ್ ಕೊನೆಯವರೆಗೂ ಹೋಗಿ ಇನ್ನೂ ಸಡಿಲವೆನಿಸಿದರೆ ಪ್ಯಾಡ್ ಸವೆದಿದೆ.

ಹೊರಗೆ ಕಾಣುವ ಡಿಸ್ಕ್ ಇರುವ ಮಾದರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಬಿಟ್ಟು, ಡಿಸ್ಕ್‌ಗೂ ಪ್ಯಾಡಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ಅಳೆಯಬೇಕು. ಅನೇಕ ಟ್ರಾನ್ಸಾಕ್ಸಲ್‌ಗಳಲ್ಲಿ ಈ ಸಂದು 0.25ರಿಂದ 0.4 ಮಿಲಿಮೀಟರ್ ಒಳಗಿರಬೇಕು. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ಲಿವರಿನ ಮೇಲಿರುವ ನಟ್ಟನ್ನು ಬಿಗಿಮಾಡಿದರೆ ಸಂದು ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ನಟ್ಟು ತಿರುಗದಂತೆ ತಡೆಯುವ ಕಾಟರ್ ಪಿನ್ ಇದ್ದರೆ ಹಳೆಯದನ್ನು ಎಸೆದು ಹೊಸದನ್ನು ಹಾಕಬೇಕು. ಬ್ರೇಕ್ ಇನ್ನಷ್ಟು ಚುರುಕಾಗಲಿ ಎಂದು ಸಂದನ್ನೇ ಇಲ್ಲವಾಗಿಸುವುದು ತಪ್ಪು. ಪ್ಯಾಡ್ ಸದಾ ಉಜ್ಜುತ್ತಾ ಬಿಸಿಯಾಗಿ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಬೇಕಾದ ಹೊತ್ತಿಗೆ ಹಿಡಿಯುವುದೇ ಇಲ್ಲ. ಡಿಸ್ಕ್ ಮೇಲೆ ಎಣ್ಣೆಯ ತೇವ ಕಂಡರೆ ಅದನ್ನು ಒರೆಸಿ ಸುಮ್ಮನಾಗದೆ, ಎಣ್ಣೆ ಬರುತ್ತಿರುವ ಸೀಲನ್ನು ಹುಡುಕಿ ಬದಲಾಯಿಸಬೇಕು. ಎಣ್ಣೆ ಕುಡಿದ ಪ್ಯಾಡನ್ನು ತೊಳೆದು ಮತ್ತೆ ಬಳಸಲು ಬರುವುದಿಲ್ಲ. ಬ್ರೇಕ್ ಟ್ರಾನ್ಸಾಕ್ಸಲ್ ಒಳಗೆ ಎಣ್ಣೆಯಲ್ಲೇ ಮುಳುಗಿರುವ ಮಾದರಿಗಳಲ್ಲಿ ಹೊರಗಿನ ಸರಳಿನ ಹೊಂದಾಣಿಕೆಯಷ್ಟೇ ನಮ್ಮ ಕೈಯಲ್ಲಿರುವುದು.

ಹೈಡ್ರೋಸ್ಟಾಟಿಕ್ ಯಂತ್ರಗಳಲ್ಲಿ ಬ್ರೇಕಿಗಿಂತ ಮೊದಲು ಯಂತ್ರವನ್ನು ನಿಧಾನಗೊಳಿಸುವುದು ಎಣ್ಣೆಯ ಒತ್ತಡ. ಓಡಿಸುವ ಪೆಡಲ್ ಬಿಟ್ಟ ಕೂಡಲೇ ವೇಗ ತಾನಾಗಿ ಇಳಿಯಬೇಕು. ಹಾಗೆ ಇಳಿಯದೆ ಇಳಿಜಾರಿನಲ್ಲಿ ತೇಲಿದಂತೆ ಹೋದರೆ ಬೈಪಾಸ್ ಲಿವರ್ ಪೂರ್ತಿ ಮುಚ್ಚಿದೆಯೇ ಎಂದು ಮೊದಲು ನೋಡಬೇಕು. ಅರ್ಧ ತೆರೆದ ಬೈಪಾಸ್ ಸಮತಟ್ಟಿನಲ್ಲಿ ಗೊತ್ತಾಗದೆ ಏರಿನಲ್ಲೂ ಇಳಿಜಾರಿನಲ್ಲೂ ಮಾತ್ರ ಕಾಡುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು ಅರ್ಧ ಗಂಟೆಯ ಕೆಲಸದ ನಂತರ ಎಳೆತವೂ ತಡೆಯೂ ಕುಗ್ಗುವುದಾದರೆ ಎಣ್ಣೆ ಬಿಸಿಯಾಗಿ ತೆಳುವಾಗುತ್ತಿದೆ ಎಂದರ್ಥ. ಟ್ರಾನ್ಸಾಕ್ಸಲ್ ಮೇಲಿನ ಪ್ಲಾಸ್ಟಿಕ್ ಫ್ಯಾನಿನ ರೆಕ್ಕೆ ಮುರಿದಿದೆಯೇ, ತಂಪಾಗಿಸುವ ರೆಕ್ಕೆಗಳ ನಡುವೆ ಹುಲ್ಲು ತುಂಬಿದೆಯೇ, ಎಣ್ಣೆಯ ಮಟ್ಟ ಕಡಿಮೆಯಿದೆಯೇ ಎಂಬ ಮೂರನ್ನು ನೋಡಿ, ಮೂರೂ ಸರಿಯಿದ್ದರೆ ಪಂಪು ಸವೆದಿದೆಯೆಂದು ತಿಳಿಯಬೇಕು. ಎಣ್ಣೆ ಬದಲಿಸಿದ ನಂತರ ಎಳೆತ ಜರ್ಕು ಹೊಡೆಯುವುದಾದರೆ ಒಳಗೆ ಗಾಳಿ ಸೇರಿದೆ. ಕೈಪಿಡಿ ಹೇಳುವ ಕ್ರಮದಲ್ಲಿ ಪೆಡಲನ್ನು ಮುಂದಕ್ಕೂ ಹಿಂದಕ್ಕೂ ಹಲವು ಸಲ ನಿಧಾನವಾಗಿ ಒತ್ತಿ ಗಾಳಿ ಹೊರಹಾಕಬೇಕು. ಎಣ್ಣೆಯ ಒತ್ತಡ ಯಂತ್ರವನ್ನು ನಿಲ್ಲಿಸಬಲ್ಲದು, ನಿಲ್ಲಿಸಿದಲ್ಲಿ ಹಿಡಿದಿಡಲಾರದು. ಪಾರ್ಕಿಂಗ್ ಬ್ರೇಕ್ ಹಾಕದೆ ಇಳಿಜಾರಿನಲ್ಲಿ ಬಿಟ್ಟ ಹೈಡ್ರೋಸ್ಟಾಟಿಕ್ ಮೋವರ್ ಒಳಗಿನ ಸೋರಿಕೆಯಿಂದಾಗಿ ನಿಧಾನವಾಗಿ ಜರುಗುತ್ತಲೇ ಇರುತ್ತದೆ, ಅದು ದೋಷವಲ್ಲ.

ಗೇರಿನ ಯಂತ್ರಗಳಲ್ಲಿ ಗಮನಿಸಬೇಕಾದ್ದು ಬೇರೆ. ಅವುಗಳಲ್ಲಿ ಕ್ಲಚ್ಚು, ಬ್ರೇಕು ಎರಡಕ್ಕೂ ಸಾಮಾನ್ಯವಾಗಿ ಒಂದೇ ಪೆಡಲ್. ಅರ್ಧ ತುಳಿದಾಗ ಬೆಲ್ಟ್ ಸಡಿಲವಾಗಿ ಎಂಜಿನ್ನಿನ ತಡೆ ತಪ್ಪುತ್ತದೆ; ಬ್ರೇಕ್ ಹಿಡಿಯುವುದು ಅದರ ನಂತರ. ಈ ನಡುವಿನ ಹಂತದಲ್ಲಿ ಯಂತ್ರವನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಇಳಿಜಾರಿನಲ್ಲಿ ವೇಗ ಸ್ವಲ್ಪ ತಗ್ಗಿಸೋಣ ಎಂದು ಪೆಡಲನ್ನು ಅರ್ಧ ತುಳಿದವರಿಗೆ ಯಂತ್ರ ಇದ್ದಕ್ಕಿದ್ದಂತೆ ಮುನ್ನುಗ್ಗಿದಂತೆ ಅನಿಸುವುದು ಇದರಿಂದಲೇ. ಪ್ಯಾಡ್ ಸವೆದಷ್ಟೂ ಈ ಖಾಲಿ ಹಂತ ಉದ್ದವಾಗುತ್ತದೆ. ಏರು ಹತ್ತುವಾಗ ಎಂಜಿನ್ ಕೂಗುತ್ತಿದ್ದರೂ ಎರಡೂ ಚಕ್ರಗಳು ನಿಂತೇಬಿಟ್ಟು ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟ್ ಸವೆದಿದೆ, ಎಣ್ಣೆ ತಾಗಿದೆ ಅಥವಾ ಅದನ್ನು ಬಿಗಿಯಾಗಿಡುವ ರಾಟೆಯ ಸ್ಪ್ರಿಂಗ್ ಸೋತಿದೆ.

ಚಕ್ರ ನಿಂತೂ ಜಾರುತ್ತಿದ್ದರೆ

ಇಲ್ಲಿ ಒಂದು ಲೆಕ್ಕ ಹಾಕಿ ನೋಡುವುದು ಅವಶ್ಯ, ಏಕೆಂದರೆ ಇಳಿಜಾರು ಹೆಚ್ಚಿದಂತೆ ಹಿಡಿತದ ಅಗತ್ಯ ಎಷ್ಟು ಬೇಗ ಏರುತ್ತದೆ ಎಂಬುದು ಅಂದಾಜಿಗೆ ಸಿಗುವುದಿಲ್ಲ. ಯಂತ್ರ, ಸವಾರ ಸೇರಿ 300 ಕಿಲೋ ಇದೆ, ಸಮತಟ್ಟಿನಲ್ಲಿ ಅದರ ಶೇಕಡಾ 60 ಭಾಗ ಹಿಂಚಕ್ರಗಳ ಮೇಲಿದೆ, ಮುಂಚಕ್ರಕ್ಕೂ ಹಿಂಚಕ್ರಕ್ಕೂ 1.2 ಮೀಟರ್ ಅಂತರವಿದೆ, ಒಟ್ಟು ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. 10 ಡಿಗ್ರಿ ಇಳಿಜಾರಿನಲ್ಲಿ ಮುಖ ಕೆಳಗಾಗಿ ನಿಂತ ಈ ಯಂತ್ರವನ್ನು ಭೂಮಿ ಸುಮಾರು 52 ಕಿಲೋ ಭಾರದಷ್ಟು ಬಲದಿಂದ ಕೆಳಗೆಳೆಯುತ್ತದೆ, ಹಿಂಚಕ್ರಗಳ ಮೇಲೆ 156 ಕಿಲೋ ಉಳಿದಿರುತ್ತದೆ. ಅಂದರೆ ಟಯರ್ ತನ್ನ ಮೇಲಿನ ಭಾರದ ಮೂರನೇ ಒಂದರಷ್ಟು ಹಿಡಿತ ಒದಗಿಸಬೇಕು. 15 ಡಿಗ್ರಿಗೆ ಹೋದರೆ ಎಳೆಯುವ ಬಲ 78ಕ್ಕೆ ಏರುತ್ತದೆ, ಹಿಂಚಕ್ರಗಳ ಮೇಲಿನ ಭಾರ 142ಕ್ಕೆ ಇಳಿಯುತ್ತದೆ, ಬೇಕಾಗುವ ಹಿಡಿತ ಅರ್ಧಕ್ಕಿಂತಲೂ ಹೆಚ್ಚಾಗುತ್ತದೆ. ಇದು ಬರಿಯ ನಿಂತಿರಲು ಬೇಕಾದದ್ದು. ಓಡುತ್ತಿರುವ ಯಂತ್ರವನ್ನು ನಿಲ್ಲಿಸಲು ಇನ್ನೂ ಹೆಚ್ಚು ಬೇಕು. ಇದೇ ಯಂತ್ರ ಅದೇ 15 ಡಿಗ್ರಿಯಲ್ಲಿ ಮುಖ ಮೇಲಾಗಿ ನಿಂತರೆ ಭಾರ ಹಿಂದಕ್ಕೆ ಸರಿದು ಹಿಂಚಕ್ರಗಳ ಮೇಲೆ 206 ಕಿಲೋ ಬೀಳುತ್ತದೆ, ಶೇಕಡಾ 38ರಷ್ಟು ಹಿಡಿತ ಸಾಕಾಗುತ್ತದೆ. ಏರು ಹತ್ತಿದ ಯಂತ್ರವೇ ಅದೇ ದಾರಿಯಲ್ಲಿ ಇಳಿಯುವಾಗ ಏಕೆ ಜಾರುತ್ತದೆ ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. ಬ್ರೇಕ್ ಇರುವುದು ಹಿಂಚಕ್ರಕ್ಕೆ, ಇಳಿಯುವಾಗ ಹಗುರವಾಗುವುದೂ ಹಿಂಚಕ್ರವೇ.

ಹಿಡಿತ ಹೆಚ್ಚಿಸುವ ಕೆಲಸ ಗಾಳಿಯ ಒತ್ತಡದಿಂದ ಶುರುವಾಗಬೇಕು. ಅನೇಕ ಮೋವರ್‌ಗಳಲ್ಲಿ ಹಿಂದಿನ ಟಯರಿಗೆ 10ರಿಂದ 12 ಪಿಎಸ್‌ಐ, ಮುಂದಿನದಕ್ಕೆ 12ರಿಂದ 15 ಪಿಎಸ್‌ಐ ಹೇಳಿರುತ್ತಾರೆ. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಒತ್ತಡ ನಿಖರವಾಗಿ ಕಾಣುವುದಿಲ್ಲ, ಆದ್ದರಿಂದ ಕಡಿಮೆ ಒತ್ತಡ ಅಳೆಯುವ ಗೇಜನ್ನೇ ಬಳಸಬೇಕು. ಕಾರಿನ ಟಯರಿನಂತೆ ಕಲ್ಲುಗಟ್ಟಿ ಮಾಡಿದ ಟಯರ್ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ನೆಲ ಮುಟ್ಟುತ್ತದೆ, ಪ್ರತಿ ಉಬ್ಬಿಗೂ ಪುಟಿಯುತ್ತದೆ. ಹಾಗೆಂದು ಹೇಳಿದ್ದಕ್ಕಿಂತ ಕೆಳಗೆ ಇಳಿಸಿದರೆ ಅಡ್ಡ ಇಳಿಜಾರಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಎಡಬಲದ ಟಯರುಗಳಲ್ಲಿ ಒತ್ತಡ ಒಂದೇ ಇರುವುದು ಬಹಳ ಮುಖ್ಯ.

ಆಮೇಲೆ ಟಯರಿನ ಅಚ್ಚು. ಹುಲ್ಲುಹಾಸಿಗೆ ಗಾಯವಾಗದಂತೆ ಮಾಡಿದ ಚಪ್ಪಟೆ ಗುಂಡಿಗಳ ಟಯರ್, ಗುಂಡಿಗಳ ಅಂಚು ಸವೆದು ದುಂಡಗಾದ ಮೇಲೆ ಒದ್ದೆ ಹುಲ್ಲಿನಲ್ಲಿ ಉಪಯೋಗಕ್ಕೆ ಬಾರದು. ಟ್ರ್ಯಾಕ್ಟರಿನಂತೆ ಎತ್ತರದ ಪಟ್ಟಿಗಳಿರುವ ಟಯರ್ ಮಣ್ಣಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ತಿರುವಿನಲ್ಲಿ ಹುಲ್ಲನ್ನು ಕಿತ್ತುಹಾಕುತ್ತದೆ. ಅದನ್ನು ಸರಿಯಾದ ದಿಕ್ಕಿಗೆ ಜೋಡಿಸಬೇಕು. ದಿಕ್ಕಿನ ಬಾಣದ ಗುರುತು ಟಯರಿನ ಮೇಲೆಯೇ ಇರುತ್ತದೆ. ಯಾವ ಟಯರ್ ಆದರೂ ಅಚ್ಚಿನ ಸಂದಿಯಲ್ಲಿ ಕತ್ತರಿಸಿದ ಹಸಿ ಹುಲ್ಲು ತುಂಬಿಕೊಂಡರೆ ಹೊಸತಾದರೂ ಬೋಳು ಟಯರಿಗೆ ಸಮ. ಕತ್ತರಿಸಿದ ಹುಲ್ಲು ಯಾವ ಕಡೆ ಬೀಳುತ್ತಿದೆ ಎಂಬುದನ್ನೂ ನೋಡಬೇಕು: ಮುಂದಿನ ಸುತ್ತಿನಲ್ಲಿ ಚಕ್ರ ಹೋಗುವ ಜಾಗಕ್ಕೇ ಹಸಿ ಹುಲ್ಲು ಚೆಲ್ಲುತ್ತಾ ಹೋದರೆ ನಾವೇ ನಮ್ಮ ದಾರಿಗೆ ಎಣ್ಣೆ ಬಳಿದಂತೆ.

ಒಂದು ಚಕ್ರ ಮಾತ್ರ ಹಗುರವಾಗುತ್ತಿದ್ದರೆ

ಏರುತಗ್ಗಿನ ನೆಲದ ನಿಜವಾದ ತೊಂದರೆ ಇದು, ಮತ್ತು ಹೆಚ್ಚು ಸಲ ಕಣ್ಣುತಪ್ಪಿ ಹೋಗುವುದೂ ಇದೇ. ನಾಲ್ಕು ಕಾಲಿನ ಮೇಜು ಒರಟು ನೆಲದ ಮೇಲೆ ಕುಂಟುವಂತೆ ನಾಲ್ಕು ಚಕ್ರದ ಯಂತ್ರವೂ ಕುಂಟಬಾರದೆಂದೇ ಮುಂದಿನ ಆಕ್ಸಲನ್ನು ನಡುವೆ ಒಂದೇ ಪಿನ್ನಿನ ಮೇಲೆ ತೂಗುಹಾಕಿರುತ್ತಾರೆ. ಒಂದು ಮುಂಚಕ್ರ ಉಬ್ಬು ಹತ್ತಿದರೆ ಆಕ್ಸಲ್ ತಕ್ಕಡಿಯಂತೆ ವಾಲಿ, ಹಿಂಚಕ್ರಗಳೆರಡೂ ನೆಲದ ಮೇಲೆ ಉಳಿಯುತ್ತವೆ. ಆ ಪಿನ್ನು ಗ್ರೀಸ್ ಕಾಣದೆ ತುಕ್ಕು ಹಿಡಿದರೆ ಅಥವಾ ಆಕ್ಸಲ್ ಮೇಲೆ ಮಣ್ಣು, ಹುಲ್ಲು ಗಟ್ಟಿಯಾಗಿ ಕೂತರೆ ವಾಲುವುದು ನಿಂತುಹೋಗುತ್ತದೆ. ಒಂದು ಮುಂಚಕ್ರ ಉಬ್ಬು ಹತ್ತಿದಾಗ ಭಾರ ಅದಕ್ಕೂ ಕರ್ಣದ ಇನ್ನೊಂದು ತುದಿಯ ಹಿಂಚಕ್ರಕ್ಕೂ ಸರಿದು, ಉಳಿದ ಹಿಂಚಕ್ರ ಹಗುರವಾಗುತ್ತದೆ, ಡಿಫರೆನ್ಷಿಯಲ್ ತನ್ನ ಸ್ವಭಾವ ತೋರಿಸುತ್ತದೆ. ಪರೀಕ್ಷೆ ಸುಲಭ: ಚಾಸಿಯ ಮುಂಭಾಗದ ನಡುವೆ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟು, ಒಂದು ಮುಂಚಕ್ರವನ್ನು ಕೈಯಿಂದ ಕೆಳಗೊತ್ತಬೇಕು. ಆಕ್ಸಲ್ ಒಂದು ಕೈಯ ಬಲಕ್ಕೆ ಎರಡೂ ಬದಿಗೆ ವಾಲಬೇಕು. ನನ್ನ ಯಂತ್ರದಲ್ಲಿ ಅದು ಮೈಭಾರ ಹಾಕಿದರೂ ಅಲುಗಲಿಲ್ಲ. ಪಿನ್ನು ಹೊಡೆದು ತೆಗೆದಾಗ ಅದರ ಮೈ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮರಳುಕಾಗದದಿಂದ ಉಜ್ಜಿ, ತೂತನ್ನು ಶುಚಿಮಾಡಿ, ಗ್ರೀಸ್ ತುಂಬಿ ಹಾಕಿದ ಮೇಲೆ, ಹಿಂದೆ ಜಾರುತ್ತಿದ್ದ ಅದೇ ತಗ್ಗನ್ನು ಹಳೆಯ ಟಯರುಗಳಲ್ಲೇ ಯಂತ್ರ ಸಲೀಸಾಗಿ ದಾಟಿತು.

ಬ್ಲೇಡನ್ನು ಮುಚ್ಚಿರುವ ತಗಡಿನ ಪೆಟ್ಟಿಗೆಯ, ಅಂದರೆ ಡೆಕ್ಕಿನ, ಪಕ್ಕದಲ್ಲಿರುವ ಚಿಕ್ಕ ಗಾಲಿಗಳೂ ಇದೇ ತೊಂದರೆ ಕೊಡುತ್ತವೆ. ಅವು ಬ್ಲೇಡ್ ಮಣ್ಣಿಗೆ ತಾಗದಂತೆ ಕಾಯಲು ಇರುವಂಥವು. ಭಾರ ಹೊರಲು ಇರುವಂಥವಲ್ಲ. ಸಮತಟ್ಟಿನಲ್ಲಿ, ಕತ್ತರಿಸುವ ಎತ್ತರಕ್ಕೆ ಡೆಕ್ ಇಳಿಸಿದಾಗ, ಹೆಚ್ಚಿನ ಮಾದರಿಗಳಲ್ಲಿ ಅವು ನೆಲದಿಂದ ಸುಮಾರು 6ರಿಂದ 12 ಮಿಲಿಮೀಟರ್ ಮೇಲಿರಬೇಕು. ನೆಲಕ್ಕೆ ತಾಗಿಕೊಂಡೇ ಇದ್ದರೆ ಪ್ರತಿ ಉಬ್ಬಿನ ಮೇಲೂ ಡೆಕ್ ಯಂತ್ರವನ್ನೇ ಎತ್ತಿ ಹಿಡಿದು ಹಿಂಚಕ್ರಗಳ ಭಾರ ಕಸಿದುಕೊಳ್ಳುತ್ತದೆ. ಉಬ್ಬಿನ ನೆತ್ತಿಯ ಮೇಲೆ ಮಾತ್ರ ಯಂತ್ರ ಸಿಕ್ಕಿಹಾಕಿಕೊಂಡು ಚಕ್ರ ತಿರುಗುತ್ತದೆಯಾದರೆ ಮೊದಲು ಇದನ್ನೇ ನೋಡಬೇಕು.

ಇನ್ನು ನೆಲವನ್ನೇ ಅಳೆಯಬೇಕು. ಒಂದು ಮೀಟರಿನ ನೇರ ಹಲಗೆಯ ಮೇಲೆ ರಸಮಟ್ಟ ಇಟ್ಟು, ಹಲಗೆ ಸಮವಾಗುವವರೆಗೆ ಕೆಳತುದಿಯನ್ನು ಎತ್ತಿ, ಆ ತುದಿಗೂ ನೆಲಕ್ಕೂ ಇರುವ ಎತ್ತರವನ್ನು ಅಳೆದರೆ 17.6 ಸೆಂಟಿಮೀಟರಿಗೆ 10 ಡಿಗ್ರಿ, 26.8 ಸೆಂಟಿಮೀಟರಿಗೆ 15 ಡಿಗ್ರಿ. ಆದರೆ ಇದು ಇಡೀ ಇಳಿಜಾರಿನ ಸರಾಸರಿ. ಎರಡು ಹಿಂಚಕ್ರಗಳ ನಡುವೆ 75 ಸೆಂಟಿಮೀಟರ್ ಅಂತರವಿರುವ ಯಂತ್ರದ ಕೆಳಬದಿಯ ಚಕ್ರ 15 ಸೆಂಟಿಮೀಟರ್ ಆಳದ ಗುಳಿಗೆ ಇಳಿದರೆ ಆ ಒಂದು ಗುಳಿಯೇ 11 ಡಿಗ್ರಿ ವಾಲಿಸುತ್ತದೆ. 10 ಡಿಗ್ರಿಯ ಅಡ್ಡ ಇಳಿಜಾರು ಆ ಕ್ಷಣಕ್ಕೆ 21 ಡಿಗ್ರಿಯಾಗುತ್ತದೆ. ಮೇಲ್ಬದಿಯ ಚಕ್ರದ ಪಾಲಿಗೆ ಆಗ ಉಳಿಯುವುದು ಭಾರದ ಕಾಲು ಭಾಗಕ್ಕಿಂತ ಕಡಿಮೆ. ಉರುಳಿ ಬೀಳುವ ಅಪಾಯ ಅಲ್ಲಿಂದ ದೂರವಿಲ್ಲ. ಇಂಥ ಗುಳಿಗಳನ್ನು ಮಣ್ಣು ತುಂಬಿ ಮಟ್ಟಮಾಡುವುದು ಯಂತ್ರಕ್ಕೆ ಮಾಡುವ ಯಾವ ಸುಧಾರಣೆಗಿಂತಲೂ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಉದ್ದ ಬೆಳೆದ ಹುಲ್ಲಿನಲ್ಲಿ ಗುಳಿ ಕಾಣುವುದಿಲ್ಲವಾದ್ದರಿಂದ ಮೊದಲು ನಡೆದು ನೋಡಿ ಕೋಲು ನೆಟ್ಟು ಗುರುತು ಮಾಡಿಕೊಳ್ಳಬೇಕು.

ಭಾರ, ನೀರು, ಸರಪಳಿ

ಹಿಂಚಕ್ರಗಳಿಗೆ ಎರಕದ ಕಬ್ಬಿಣದ ತೂಕ ಕಟ್ಟುವುದು ಎಲ್ಲರೂ ಹೇಳುವ ಪರಿಹಾರ. ಪ್ರಯೋಜನವಿದೆ, ಆದರೆ ಅಂದುಕೊಂಡಷ್ಟಲ್ಲ. ಮೇಲಿನ ಲೆಕ್ಕದ ಯಂತ್ರಕ್ಕೆ ಹಿಂಚಕ್ರಗಳಲ್ಲಿ 30 ಕಿಲೋ ಸೇರಿಸಿದರೆ, 15 ಡಿಗ್ರಿ ಇಳಿಜಾರಿನಲ್ಲಿ ಬೇಕಾಗುವ ಹಿಡಿತ 0.55ರಿಂದ ಸುಮಾರು 0.51ಕ್ಕೆ ಇಳಿಯುತ್ತದೆ, ಅಷ್ಟೇ. ಏಕೆಂದರೆ ಸೇರಿಸಿದ ಭಾರವನ್ನೂ ಇಳಿಜಾರು ಕೆಳಗೆಳೆಯುತ್ತದೆ. ಟಯರಿಗೆ ನೀರು ತುಂಬುವುದೂ ಇದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ: ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ ವಾಲ್ವ್ ಮಟ್ಟದವರೆಗೆ, ಅಂದರೆ ಸುಮಾರು ಮುಕ್ಕಾಲು ಭಾಗ ತುಂಬಿ, ಉಳಿದ ಜಾಗಕ್ಕೆ ಗಾಳಿ ಹಾಕಬೇಕು. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಭಾರ ಹೆಚ್ಚುತ್ತದೆ, ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ, ಆದರೆ ರಿಮ್ಮನ್ನು ತಿನ್ನುತ್ತದೆ. ಯಾವುದನ್ನು ಸೇರಿಸುವ ಮೊದಲೂ ಟ್ರಾನ್ಸಾಕ್ಸಲ್ ಅಷ್ಟು ಭಾರಕ್ಕೆ ತಕ್ಕದ್ದೇ ಎಂದು ಕೈಪಿಡಿಯಲ್ಲಿ ನೋಡಬೇಕು. ಹಗುರ ಮಾದರಿಗಳಲ್ಲಿ ಹಿಡಿತ ಹೆಚ್ಚಿ ಚಕ್ರ ಜಾರುವುದು ನಿಂತಾಗ ಆ ಒತ್ತಡವನ್ನೆಲ್ಲ ಒಳಗಿನ ಗೇರು ತಿನ್ನಬೇಕಾಗುತ್ತದೆ. ಹಿಂಭಾಗಕ್ಕೆ ಭಾರ ಸೇರಿಸಿದಾಗ, ವಿಶೇಷವಾಗಿ ಹುಲ್ಲಿನ ಚೀಲವೂ ತುಂಬಿದಾಗ, ಏರು ಹತ್ತುವಾಗ ಮುಂಭಾಗ ಎದ್ದೀತು. ಸ್ಟಿಯರಿಂಗ್ ಹಗುರವೆನಿಸಿದ ಕೂಡಲೇ ನಿಲ್ಲಿಸಿ, ತಯಾರಕರು ಹೇಳಿದ ಮುಂದಿನ ತೂಕಗಳನ್ನು ಹಾಕಬೇಕು. ಟಯರಿಗೆ ಸುತ್ತುವ ಸರಪಳಿ ಹುಲ್ಲುಹಾಸನ್ನು ಹಾಳುಮಾಡುವುದರಿಂದ ಕೆಸರು, ಮಂಜಿನ ಕೆಲಸಕ್ಕಷ್ಟೇ ತಕ್ಕದ್ದು. ಎರಡೂ ಹಿಂಚಕ್ರಗಳನ್ನು ಒಟ್ಟಿಗೇ ತಿರುಗುವಂತೆ ಬಂಧಿಸುವ ಡಿಫರೆನ್ಷಿಯಲ್ ಲಾಕ್ ಇರುವ ಯಂತ್ರವಾದರೆ ಅದು ಎಲ್ಲಕ್ಕಿಂತ ಉತ್ತಮ. ನೇರ ಹೋಗುವಾಗ ಮಾತ್ರ ಹಾಕಬೇಕು, ತಿರುಗುವ ಮುನ್ನ ಬಿಡಬೇಕು.

ಓಡಿಸುವ ರೀತಿಯಲ್ಲಿನ ದೋಷ

ರಿಪೇರಿಯೆಲ್ಲ ಮುಗಿದರೂ ಓಡಿಸುವ ಅಭ್ಯಾಸ ಬದಲಾಗದೆ ಉಳಿದ ದೋಷ ಹೋಗುವುದಿಲ್ಲ. ಮುಂದೆ ಎಂಜಿನ್ ಇರುವ ಸಾಮಾನ್ಯ ಮೋವರನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಿಸಬೇಕು, ಅಡ್ಡಕ್ಕೆ ಓಡಿಸಬಾರದು. ಕೆಳಗಿಳಿಯುವ ಗೇರನ್ನು ಮೇಲೆಯೇ ಹಾಕಿಕೊಂಡು ಇಳಿಯಬೇಕು. ನಡುವೆ ಗೇರು ಬದಲಿಸಬಾರದು, ನ್ಯೂಟ್ರಲ್‌ಗೆ ಅಂತೂ ಎಂದೂ ತರಬಾರದು. ಇಳಿಯುವಾಗ ಹಿಂಚಕ್ರ ಜಾರತೊಡಗಿದರೆ ಬ್ಲೇಡ್ ಬಿಡಿಸಿ, ಬ್ರೇಕನ್ನು ಇನ್ನೂ ಬಿಗಿಯಾಗಿ ತುಳಿಯುವ ಆಸೆಯನ್ನು ತಡೆದು, ಗೇರಿನ ತಡೆಯಲ್ಲೇ ನಿಧಾನವಾಗಿ ನೇರ ಕೆಳಗೆ ಹೋಗಬೇಕು. ಆ ಹೊತ್ತಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಯಂತ್ರ ಅಡ್ಡವಾಗುತ್ತದೆ, ಅಡ್ಡವಾದ ಯಂತ್ರ ಉರುಳುತ್ತದೆ. ನಿಂತಲ್ಲೇ ತಿರುಗಬಲ್ಲ ಝೀರೋ-ಟರ್ನ್ ಯಂತ್ರಗಳ ಮಾತು ಬೇರೆ: ಅವುಗಳಲ್ಲಿ ಹಿಂಚಕ್ರಗಳಿಗೆ ಪ್ರತ್ಯೇಕ ಹೈಡ್ರೋಸ್ಟಾಟಿಕ್ ಮೋಟಾರುಗಳಿರುತ್ತವೆ, ದಿಕ್ಕು ತಿರುಗಿಸುವುದೂ ಅವೇ ಚಕ್ರಗಳು. ಆದ್ದರಿಂದ ಹಿಂಚಕ್ರದ ಹಿಡಿತ ತಪ್ಪಿದರೆ ಬ್ರೇಕು, ಸ್ಟಿಯರಿಂಗ್ ಎರಡೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಅವುಗಳ ದಿಕ್ಕು, ಮಿತಿಗಳನ್ನು ಆಯಾ ಕೈಪಿಡಿಯಂತೆಯೇ ಪಾಲಿಸಬೇಕು.

ಅನೇಕ ತಯಾರಕರು 10 ಅಥವಾ 15 ಡಿಗ್ರಿಯನ್ನು ಕೊನೆಯ ಮಿತಿಯೆಂದು ಹೇಳುತ್ತಾರೆ. ಅದು ಒಣಗಿದ, ಒಂದೇ ಸಮನಾದ ಇಳಿಜಾರಿಗೆ ಹೇಳಿದ ಮಾತೆಂದೇ ತಿಳಿಯಬೇಕು. ಮಡಚುವ ಉರುಳುರಕ್ಷಣಾ ಚೌಕಟ್ಟು ಇದ್ದರೆ ಅದನ್ನು ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಬೇಕು. ಚೌಕಟ್ಟು ಇಲ್ಲದ ಅಥವಾ ಮಡಚಿದ ಯಂತ್ರದಲ್ಲಿ ಬೆಲ್ಟ್ ಹಾಕಬಾರದು.

ಮರುಪರೀಕ್ಷೆ

ಸರಿಪಡಿಸಿದ ಯಂತ್ರವನ್ನು ನೇರವಾಗಿ ಹಳೆಯ ಕಡಿದಾದ ಜಾಗಕ್ಕೆ ಕೊಂಡೊಯ್ಯದೆ, ಕಾಂಕ್ರೀಟಿನ ಮೇಲಿನ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಆಮೇಲೆ ಒಣಗಿದ ದಿನ, ಬ್ಲೇಡ್ ಬಿಡಿಸಿ, ಡೆಕ್ ಎತ್ತಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಇಳಿಜಾರಿನ ಬುಡದಿಂದ ಹಿಮ್ಮುಖವಾಗಿ ನಿಧಾನಕ್ಕೆ ಹತ್ತಿಸಿ ನೋಡಬೇಕು. ಹಿಮ್ಮುಖವಾಗಿ ಹತ್ತಲಾಗದ ಇಳಿಜಾರಿನಲ್ಲಿ ಮೋವರ್ ಓಡಿಸಬಾರದು ಎಂಬ ಎಚ್ಚರಿಕೆ ಅನೇಕ ಕೈಪಿಡಿಗಳಲ್ಲಿದೆ, ಅದರ ಕಾರಣ ಮೇಲಿನ ಲೆಕ್ಕದಲ್ಲಿಯೇ ಇದೆ: ಹಿಮ್ಮುಖವಾಗಿ ಹತ್ತುವಾಗಲೂ ಮುಮ್ಮುಖವಾಗಿ ಇಳಿಯುವಾಗಲೂ ಹಿಂಚಕ್ರಗಳ ಮೇಲೆ ಬೀಳುವ ಭಾರ ಒಂದೇ. ಅಲ್ಲಿ ಚಕ್ರ ಗಿರಕಿ ಹೊಡೆದರೆ ಆ ಜಾಗವನ್ನು ಕೈಯಲ್ಲಿ ಹಿಡಿದು ಕತ್ತರಿಸುವ ಯಂತ್ರಕ್ಕೆ ಬಿಡಬೇಕು. ಹೊಸ ಪ್ಯಾಡ್ ಹಾಕಿದ್ದರೆ ಮೊದಲ ಕೆಲವು ಗಂಟೆಗಳ ಕೆಲಸದಲ್ಲಿ ಅದು ಡಿಸ್ಕಿಗೆ ಹೊಂದಿಕೊಂಡು ಸಂದು ಸ್ವಲ್ಪ ಹೆಚ್ಚುತ್ತದೆ. ಆಗ ಫೀಲರ್ ಗೇಜನ್ನು ಇನ್ನೊಮ್ಮೆ ತೂರಿಸಿ ನಟ್ಟನ್ನು ಸರಿಹೊಂದಿಸಬೇಕು, ಚಕ್ರದ ಮೇಲಿನ ಸೀಮೆಸುಣ್ಣದ ಗೆರೆ ಅಳಿಸಿಹೋಗಿದ್ದರೆ ಹೊಸದಾಗಿ ಎಳೆದುಕೊಳ್ಳಬೇಕು.